ಸಿಯಾಕಮರ್ ಘಾಟಿಯ ಚೈನು ಕಳ್ಳ

ಇರಾನಿ ಪಂಚಾಂಗದ ಚಳಿಗಾಲದ ಮೊದಲ ತಿಂಗಳು, 'ದೇ' ಹದಿನಾಲ್ಕು, ಬೆಳಗ್ಗೆ ಏಳು ನಲವತ್ತು. ಸಿಯಾಕಮರ್ ಘಾಟಿಯ ಬುಡದ ಠಾಣೆಗೆ ಲಾರಿ ಚಾಲಕ ಫರಾಮರ್ಜ್ ಮೀಸೆಯ ಮೇಲಿನ ಹಿಮ ಕೂಡ ಒರೆಸದೆ ನುಗ್ಗಿದ.

"ಚಹಾದಂಗಡೀಲಿ ಒಂದು ಗಳಿಗೆ ಕೂತಿದ್ದೆ ಸಾಹೇಬ್ರೆ, ಚಕ್ರಕ್ಕೆ ಕಟ್ಟೋ ಹಿಮದ ಚೈನು ಮಾಯ! ಹಮದಾನ್ ಪಟ್ಟಣಕ್ಕೆ ರೊಟ್ಟಿ ಹಿಟ್ಟು ಹೇರಿದೀನಿ. ಚೈನಿಲ್ದೆ ಈ ನಿಮ್ಮ ಯಾವರ್ ಹತ್ತೋಕೆ ಬಿಡ್ತಾನಾ?"

"ಬಿಡಲ್ಲ," ಎಂದ ಕಾನ್‌ಸ್ಟೇಬಲ್ ಯಾವರ್, ಎದೆಯುಬ್ಬಿಸಿ. ಹಿಮ ಬಿದ್ದ ದಿನ ಚೈನಿಲ್ಲದ ಭಾರಿ ಲಾರಿ ಘಾಟಿ ಹತ್ತುವಂತಿಲ್ಲ. ಗೇಟಿನಲ್ಲಿ ನಿಲ್ಲುವವನು ಅವನು. ಅವನ ಆರು ಚಳಿಗಾಲದಲ್ಲಿ ಒಂದು ಲಾರಿಯೂ ಉರುಳಿಲ್ಲ. ಮದುವೆಮನೆಯಲ್ಲೂ ಅದನ್ನೇ ಹೇಳುವವನು.

ಒಂಬತ್ತು ದಿನದಲ್ಲಿ ಇದು ನಾಲ್ಕನೆಯ ಕಳವು. ಇನ್ಸ್‌ಪೆಕ್ಟರ್ ಸಾರೆಮಿ ಎಫ್ಐಆರ್ ಬರೆಸಿ, ಎಂಟೂವರೆಗೆ ಲಾರಿಯ ಬಳಿ ಪಂಚನಾಮೆಗೆ ನಿಂತರು. ಚೈನಿನ ಪೆಟ್ಟಿಗೆ ಖಾಲಿ. ಕಳ್ಳ ಅದರ ಹಗ್ಗ ಕೊಯ್ದಿರಲಿಲ್ಲ. ಬಿಚ್ಚಿ, ಕದ್ದು, ಮತ್ತೆ ಕಟ್ಟಿ ಹೋಗಿದ್ದ.

"ಪಕ್ಕದ ಲಾರೀಲಿ ಹೊಸ ಚೈನಿದೆಯಲ್ಲ, ಮುಟ್ಟಿಲ್ವಾ?" ಎಂದರು ಸಾರೆಮಿ.

"ಇಲ್ಲ ಸಾಹೇಬ್ರೆ," ಎಂದ ಯಾವರ್.

"ನಿನ್ನದು ಹೆಂಗಿತ್ತು?"

ಫರಾಮರ್ಜ್ ತಲೆ ಕೆರೆದುಕೊಂಡ. "ಹಳೇದು. ಮೂರು ಕೊಂಡಿ ತುಂಡಾಗಿತ್ತು, ತಂತಿ ಸುತ್ತಿದ್ದೆ."

"ಮುಂಚಿನ ಮೂರು?"

ಯಾವರ್ ನೆನೆದುಕೊಂಡ. "ಅವೂ ತಂತಿ ಸುತ್ತಿದ್ದವೇ."

"ಎಂಥಾ ಹುಚ್ಚು ಕಳ್ಳ! ಚಿನ್ನ ಬಿಟ್ಟು ಗುಜರಿ ಕದೀತಾನೆ," ಎಂದು ಫರಾಮರ್ಜ್ ನಕ್ಕ.

ಯಾವರನ ಕಣ್ಣು ಹಗ್ಗದ ಗಂಟಿಗೆ ಅಂಟಿತು. ತುದಿ ಜೋತಾಡುತ್ತಿರಲಿಲ್ಲ, ಮೂರು ಸಲ ಹೆಣೆದು ಒಳಗೆ ಸಿಕ್ಕಿಸಿತ್ತು. ಚೈನಿನ ತುದಿಯನ್ನು ಹಾಗೆ ಸಿಕ್ಕಿಸದಿದ್ದರೆ ಚಕ್ರ ತಿರುಗಿದಂತೆ ಅದು ಚಾಟಿಯಾಗಿ ಬ್ರೇಕಿನ ಪೈಪು ಹರಿಯುತ್ತದೆ. ಆದರೆ ಹಗ್ಗಕ್ಕೆ ಆ ಉಪಚಾರ ಯಾಕೆ? ನಲವತ್ತು ವರ್ಷ ಚೈನು ಕಟ್ಟಿದ ಕೈಗೆ ಮಾತ್ರ ಅದು ತಪ್ಪದ ಚಾಳಿ.

"ಮೊರವ್ವತ್ ಉಸ್ತಾದ್," ಎಂದ, ಮೆಲ್ಲಗೆ. ಘಾಟಿಯ ಲಾರಿಗಳಿಗೆಲ್ಲ ಚೈನು ಕಟ್ಟಿಕೊಡುವ ಹಳೆಯ ಕಮ್ಮಾರ.

ಹನ್ನೊಂದೂಕಾಲು. ಮೂವರೂ ಹೋದಾಗ ಗೇಟಿನ ಪಕ್ಕದ ಅವನ ಷೆಡ್ಡಿನಲ್ಲಿ ಕುಲುಮೆ ಉರಿಯುತ್ತಿತ್ತು. ಮೂರು ಚೈನು ಗೋಡೆಯ ಮೇಲೆ, ನಾಲ್ಕನೆಯದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ. ತಂತಿಯಿದ್ದ ಕಡೆಯೆಲ್ಲ ಹೊಸ ಉಕ್ಕಿನ ಕೊಂಡಿ.

"ಬನ್ನಿ, ಚಹಾ ಕುಡೀರಿ," ಎಂದ ಮುದುಕ. "ಬೇಡಿ ಆಮೇಲೆ ಹಾಕೀರಂತೆ, ಕೊನೇ ಕೊಂಡಿ ಕೆಂಪಗಿದೆ."

"ಕದ್ದದ್ದು ನೀವೇನಾ, ಉಸ್ತಾದರೇ?" ಎಂದು ಸಾರೆಮಿ ಕೇಳಿದರು.

"ನಾನೇ. ಈಗಿನ ಹುಡುಗರಿಗೆ ಈ ಭಾರ ಎತ್ತೋಕಾಗುತ್ತಾ?"

"ಯಾಕೆ?"

"ತಂತಿ ಚೈನು ನನ್ನ ಘಾಟಿ ಹತ್ತಬಾರದು. ಸರಿಮಾಡಿ ವಾಪಸ್ ಇಡೋನಿದ್ದೆ."

"ಗೇಟಲ್ಲಿ ಹೇಳ್ಬೇಕಿತ್ತು," ಎಂದ ಯಾವರ್.

ಮುದುಕ ಸುತ್ತಿಗೆ ಕೆಳಗಿಟ್ಟ. "ಮೂರು ಚಳಿಗಾಲ ಹೇಳಿದೆನಲ್ಲೋ! ನೀನೇನಂದೆ? 'ಕಾನೂನು ಚೈನು ಇರ್ಬೇಕು ಅನ್ನುತ್ತೆ, ಗಟ್ಟಿಯಾಗಿರ್ಬೇಕು ಅಂತ ಎಲ್ಲಿ ಬರೆದಿದೆ?' ಪೆಟ್ಟಿಗೆಗೆ ಬೂಟಲ್ಲಿ ಒದೀತೀಯ, ಝಣ್ ಅಂದ್ರೆ ಟಿಕ್ ಹಾಕ್ತೀಯ."

ಟಿಕ್ಕಿಗೆ ಹಿಮ ಹೆದರುತ್ತದೆಯೇ?

"ನನ್ನ ಆರು ಚಳಿಗಾಲದಲ್ಲಿ ಒಂದು ಲಾರೀನೂ..."

"ಘಾಟಿಯ ಈ ಮಗ್ಗುಲಲ್ಲಿ! ನನ್ನ ತಮ್ಮನ ಮಗ ಗೂದರ್ಜ್ ಆ ಮಗ್ಗುಲಲ್ಲಿ ಲಾರಿ ಸಮೇತ ಉರುಳಿದ. ಹೆಣ ಪಕ್ಕದ ಠಾಣೆಗೆ ಹೋಯ್ತು, ನಿನ್ನ ಹೆಮ್ಮೆ ನಿನಗುಳೀತು. ಅವನ ಅವಸರಕ್ಕೆ ಮಣಿದು ತಂತಿ ಚೈನು ಕಟ್ಟಿದ್ದು ಈ ಕೈ. ಟಿಕ್ ಹಾಕಿದ್ದು ನಿನ್ನ ಕೈ."

ಯಾವರ್ ತನ್ನ ಬೂಟಿನ ತುದಿ ನೋಡಿಕೊಂಡ.

"ದೂರು ವಾಪಸ್ ತಗೋತೀನಿ ಸಾಹೇಬ್ರೆ!" ಎಂದ ಫರಾಮರ್ಜ್. "ನನ್ನ ಚೈನು ನೋಡಿ, ಮದುಮಗಳ ಸರದ ಹಂಗಾಗಿದೆ."

"ಕಳವು ಕಳವೇ," ಎಂದರು ಸಾರೆಮಿ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ದಸ್ತಗಿರಿ. ಚೈನುಗಳನ್ನು ಮುಚ್ಚಳಿಕೆ ಬರೆಸಿಕೊಂಡು ಅವರವರಿಗೇ ಒಪ್ಪಿಸಿದರು. ಆದರೆ ಬೇಡಿ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ. ಮುದುಕ ಫರಾಮರ್ಜನ ಚಕ್ರಗಳಿಗೆ ಚೈನು ಕಟ್ಟಿ, ತುದಿ ಒಳಗೆ ಸಿಕ್ಕಿಸಿ, ತಾನೇ ಹೋಗಿ ಜೀಪಿನಲ್ಲಿ ಕೂತ.

ಗೇಟಿನಲ್ಲಿ ಯಾವರ್ ಒದೆಯಲಿಲ್ಲ. ಕೈಗವಸು ಕಳಚಿ, ಹಿಮದಲ್ಲಿ ಅಂಗಾತ ಮಲಗಿ ಲಾರಿಯಡಿ ತೂರಿದ. ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಮುಟ್ಟಿದ.

"ಏನೋ ಯಾವರ್, ಹಾಸಿಗೆ ತರಿಸ್ಲಾ?" ಹಿಂದಿನ ಲಾರಿಯವರು ಕೂಗಿದರು.

"ಸುಮ್ನಿರ್ರೋ! ನಿಮಗೂ ಹಿಂಗೇ ಕಾದಿದೆ!"

ಲಾರಿ ಹತ್ತಿತು. ಜೀಪಿನಲ್ಲಿ ಮುದುಕ ಕತ್ತು ನೆಟ್ಟಗೆ ಮಾಡಿ ಕಿವಿಗೊಟ್ಟ. "ಕೇಳಿ ಸಾಹೇಬ್ರೆ. ಒಂದು ಕೊಂಡೀನೂ ತಾಳ ತಪ್ಪಿಲ್ಲ."

ಸಂಜೆ ವರದಿಯಲ್ಲಿ 'ಉದ್ದೇಶ' ಎಂಬಲ್ಲಿ ಸಾರೆಮಿ ಪೆನ್ನು ನಿಲ್ಲಿಸಿದರು. ಯಾವರ್ ಅದನ್ನು ಕೇಳಿ ಪಡೆದು, ತಾನೇ ಬರೆದ: "ನಾಲ್ಕು ವರ್ಷದ ಹಿಂದೆ ಸತ್ತ ಗೂದರ್ಜ್. ಅವನ ಚೈನಿಗೆ ಟಿಕ್ ಹಾಕಿದವನು, ಕಾನ್‌ಸ್ಟೇಬಲ್ ಯಾವರ್."