ನಾನೇ ಟೈಪ್ ಮಾಡಿದ ನಾಲ್ಕು ಪುಟ

"ಏನ್ರೀ, ನಿಮಗೆ ಬೇರೆ ಕೆಲಸ ಇಲ್ವಾ?"

ವನಜಾಕ್ಷಿಯ ಕಾಲುಗಳು ಅಲ್ಲೇ ನಿಂತವು.

ಆಷಾಢದ ಗಾಳಿ ಚಾಮರಾಜಪೇಟೆಯ ಧೂಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತಿತ್ತು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಇವನ ಅಡ್ರೆಸ್ ಚೀಟಿ ಹಿಡಿದು, ನಾಲ್ಕು ರಸ್ತೆ ದಾಟಿಸಿ, ಎರಡು ಕ್ರಾಸ್ ತಿರುಗಿಸಿ, ಗುರುತು ಪರಿಚಯವಿಲ್ಲದ ಈ ಮನುಷ್ಯನನ್ನು ಅವನ ಬಾಡಿಗೆ ರೂಮಿನ ಬಾಗಿಲಿಗೇ ತಂದು ನಿಲ್ಲಿಸಿದ್ದಳು. ಒಂದು ಒಳ್ಳೆ ಮಾತಾಡುವುದು ಬಿಟ್ಟು ಇವನು ಹೀಗೆ ಕೇಳುವುದೇ!

ಅವಳ ಮುಖ ನೋಡಿ ಅವನು ಗಾಬರಿಯಾದ.

"ಅಯ್ಯೋ, ತಪ್ಪು ತಿಳ್ಕೋಬೇಡಿ. ಡೆಲ್ಲೀಲಿ ಅಡ್ರೆಸ್ ಕೇಳಿದ್ರೆ ಕೈ ತೋರಿಸ್ತಾರೆ, ಅಷ್ಟೇ. ಅದೂ ಮನಸ್ಸಿದ್ರೆ! ನೀವು ಇಷ್ಟು ದೂರ ನಡ್ಕೊಂಡು ಬಂದ್ರಲ್ಲ... ಅದಕ್ಕೇ ಕೇಳ್ದೆ."

"ನಮ್ಮ ಪೇಟೆ ಮೇನು, ಕ್ರಾಸು ಬಾಯಲ್ಲಿ ಹೇಳಿದ್ರೆ ಹೊಸಬರು ಸಾಯಂಕಾಲದವರೆಗೂ ಸುತ್ತುತಾ ಇರ್ತಾರೆ ಸ್ವಾಮಿ. ಅದಕ್ಕೆ ಬಂದೆ. ಕೆಲಸ ಬೇಕಾದಷ್ಟಿದೆ. ಬರ್ತೀನಿ!"

ಬಿರಬಿರನೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ವಾಪಸು ಬಂದಾಗ ಗಂಟೆ ಎರಡು. ಹುಡುಗಿಯರ ಬ್ಯಾಚ್ ಆಗಲೇ ಮೆಷಿನ್ ಮುಂದೆ ಕೂತಿತ್ತು. ಅವಳ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಉಳಿಯಿತು. ಊಟ ಬಿಟ್ಟು ದಾರಿ ತೋರಿಸಿದೆ ಎಂದು ಅವನಿಗೆ ಹೇಳಬಹುದಿತ್ತು. ಆದರೆ ಹಾಗೆ ಹೇಳಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ನೋಡಿ.

ಇದು ಎಂಬತ್ತೊಂದನೇ ಇಸವಿಯ ಮಾತು. ವನಜಾಕ್ಷಿಗೆ ಆಗ ಇಪ್ಪತ್ತಮೂರು. ತಂದೆ ಮುನಿರಾಮಪ್ಪ ನೀರು ಸರಬರಾಜು ಇಲಾಖೆಯಲ್ಲಿ ಕೆಲಸದಲ್ಲಿದ್ದವರು, ತೀರಿಕೊಂಡು ಮೂರು ವರ್ಷವಾಗಿತ್ತು. ವಠಾರದ ಕೊನೆಯ ಮನೆಯಲ್ಲಿ ಅವಳು, ತಾಯಿ ಅಂಜಮ್ಮ, ಇಬ್ಬರೇ. ಚಂದ್ರಶೇಖರಯ್ಯನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದಳು. ಬಿಡುವಿನಲ್ಲಿ ಹೊರಗಿನವರ ಅರ್ಜಿ, ವಕೀಲರ ನೋಟೀಸು ಟೈಪ್ ಮಾಡಿಕೊಡುತ್ತಿದ್ದಳು.

ಚಂದ್ರಶೇಖರಯ್ಯನವರದು ಒಂದೇ ಪಾಠ.

"ಅಕ್ಷರ ನೋಡಮ್ಮ, ಅರ್ಥ ನೋಡ್ಬೇಡ. ಅರ್ಥ ನೋಡಿದ್ರೆ ಸ್ಪೀಡೂ ಹೋಗುತ್ತೆ, ಇನ್ನೊಬ್ರ ಮನೆ ಗುಟ್ಟೂ ಗೊತ್ತಾಗುತ್ತೆ."

ಆ ಪಾಠ ಅವಳ ಬೆರಳಿಗೆ ಇಳಿದುಹೋಗಿತ್ತು. ಎಂಥ ಕಾಗದ ಕೊಟ್ಟರೂ ಕಣ್ಣಿಂದ ಬೆರಳಿಗೆ ಹೋಗುತ್ತಿತ್ತೇ ಹೊರತು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಎಂಟು ದಿನ ಬಿಟ್ಟು ಅದೇ ಮನುಷ್ಯ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ಹಾಳೆಗಳು.

"ಇಲ್ಲಿ ಕೆಲಸ ಇರೋರು ಯಾರಾದ್ರೂ ಇದಾರಾ?"

ಅವಳಿಗೆ ನಗು ತಡೆಯಲಾಗಲಿಲ್ಲ!

ಅವನ ಹೆಸರು ವರದರಾಜ. ಹುಟ್ಟಿದ್ದು ಬಸವನಗುಡಿಯಲ್ಲೇ. ಎರಡು ವರ್ಷದವನಿದ್ದಾಗ ಅಪ್ಪನಿಗೆ ಡೆಲ್ಲಿಯಲ್ಲಿ ಕೆಲಸ ಸಿಕ್ಕಿ ಎಲ್ಲರೂ ಹೊರಟುಹೋದರಂತೆ. ಕನ್ನಡವನ್ನು ಅಜ್ಜಿಯ ಬಾಯಿಂದ ಕಲಿತವನು. ಚೆನ್ನಾಗಿ ಮಾತಾಡುತ್ತಿದ್ದ, ಓದಲು ಬರೆಯಲು ಬರುತ್ತಿರಲಿಲ್ಲ. ಡೆಲ್ಲಿಯ ಒಂದು ಇಂಗ್ಲಿಷ್ ವಾರಪತ್ರಿಕೆಗೆ ಕರ್ನಾಟಕದ ಬಗ್ಗೆ ಬರೆದು ಕಳಿಸುವ ಕೆಲಸ.

ತಿಂಗಳಿಗೆ ಎರಡು ಸಲ ಬರುತ್ತಿದ್ದವನು ವಾರಕ್ಕೆ ಎರಡು ಸಲ ಬರತೊಡಗಿದ. ಒಂದು ಭಾನುವಾರ ಅಂಜಮ್ಮನೇ ಊಟಕ್ಕೆ ಕರೆದರು.

ಬಿಸಿ ಮುದ್ದೆ, ಬಸ್ಸಾರು. ಅವನು ಮುದ್ದೆಯನ್ನು ಬಾಯಿಗಿಟ್ಟು ಅಗಿದೇ ಅಗಿದ. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಯ್ಯೋ ನನ್ ಕಂದಾ, ಅಗೀಬಾರ್ದು ಕಣಪ್ಪ! ಸಾರಲ್ಲಿ ಅದ್ದು, ನುಂಗು. ಹಾ... ಹಂಗೆ!"

ಅವನ ಗಂಟಲು ಗುಳುಕ್ ಎಂದಿತು, ಮೂವರೂ ಬಿದ್ದು ಬಿದ್ದು ನಕ್ಕರು. ಆ ದಿನದಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಮೂರನೆಯ ತಟ್ಟೆ ಬೀಳತೊಡಗಿತು.

ನವೆಂಬರಿನಲ್ಲಿ ಅವನು ನಾಲ್ಕು ಪುಟದ ಬರಹವೊಂದನ್ನು ತಂದ. "ಇದು ನಿಮ್ಮೂರಿನ ಬಗ್ಗೆ. ಅರ್ಜೆಂಟು." ವನಜಾಕ್ಷಿಯ ಬೆರಳುಗಳು ಓಡಿದವು. ನಡುವೆ ಎಲ್ಲೋ 'ಚಾಮರಾಜಪೇಟೆ' ಎಂಬ ಹೆಸರು ಕಣ್ಣಿಗೆ ಬಿದ್ದು ತುಟಿಯಲ್ಲಿ ನಗು ಮೂಡಿತು. ಆ ನಾಲ್ಕು ಪುಟದಲ್ಲಿ ಅವಳು ನಿಜವಾಗಿ ಓದಿದ್ದು ಅದೊಂದೇ ಪದ.

ಡಿಸೆಂಬರಿನ ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಹೂವಿನ ಸಾಲಿನ ಮುಂದೆ ನಡೆಯುತ್ತ ಅವನು ತಟ್ಟನೆ ನಿಂತ.

"ವನಜಾ... ಈ ಭಾನುವಾರ ನಿಮ್ಮ ಅಮ್ಮನ ಹತ್ರ ಮಾತಾಡ್ತೀನಿ. ನಮ್ಮಿಬ್ಬರ ವಿಷಯ."

ಯಾರೂ ಕೇಳದಿದ್ದರೂ ಹೂವಿನವಳು ಎರಡು ಮೊಳ ಕನಕಾಂಬರ ಅಳೆದುಕೊಟ್ಟಳು. ಅವಳಿಗೂ ಗೊತ್ತಾಗಿತ್ತು!

ಶುಕ್ರವಾರ ಶೀನಣ್ಣನ ಪೇಪರ್ ಅಂಗಡಿಯಲ್ಲಿ ಆ ವಾರಪತ್ರಿಕೆ ತೂಗಾಡುತ್ತಿತ್ತು.

"ಶೀನಣ್ಣಾ, ಅದನ್ನ ಕೊಡಿ. ನಮ್ಮ ಪರಿಚಯದವ್ರು ಬರ್ದಿರೋದು ಅದ್ರಲ್ಲಿ ಬಂದಿರುತ್ತೆ."

"ಪರಿಚಯದವ್ರಾ?" ಶೀನಣ್ಣ ಪತ್ರಿಕೆ ಇಳಿಸಿ ಕೊಟ್ಟ. ಅವಳ ಮುಖ ನೋಡಲಿಲ್ಲ. "ಓದಮ್ಮ. ನಾನು ಬೆಳಿಗ್ಗೇನೇ ಓದ್ದೆ."

ವನಜಾಕ್ಷಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಈ ಸಲ ಅರ್ಥವನ್ನೂ ನೋಡಿದಳು.

'ಈ ರಾಜ್ಯದಲ್ಲಿ ಹೊತ್ತಿಗೆ ಬೆಲೆಯಿಲ್ಲ. ದಾರಿ ಕೇಳಿದರೆ ಚಾಮರಾಜಪೇಟೆಯ ಹುಡುಗಿಯೊಬ್ಬಳು ನಾಲ್ಕು ಬೀದಿ ನನ್ನ ಜೊತೆ ನಡೆದು ಬಂದಳು, ಏಕೆಂದರೆ ಇಲ್ಲಿ ಯಾರಿಗೂ ಬೇರೆ ಕೆಲಸವಿಲ್ಲ. ಮಧ್ಯಾಹ್ನ ಮೊಸರನ್ನ ತಿಂದು ಇಡೀ ಸರ್ಕಾರವೇ ಮಲಗುತ್ತದೆ...'

ಕೆಳಗೆ ಇನ್ನೂ ಇತ್ತು.

'ನಾನು ಊಟ ಮಾಡುವ ಮನೆಯ ಮುದುಕಿಗೆ ಡೆಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲ. ಕಪ್ಪು ಮಣ್ಣಿನಂಥ ಉಂಡೆಯೊಂದನ್ನು ತಟ್ಟೆಗೆ ಹಾಕಿ, ಅಗಿಯಬೇಡ, ನುಂಗು ಎನ್ನುತ್ತಾಳೆ. ಈ ಜನ ಎಲ್ಲವನ್ನೂ ಹಾಗೆಯೇ ತಿನ್ನುತ್ತಾರೆ. ಅವಮಾನವನ್ನೂ ಅಗಿಯದೆ ನುಂಗುತ್ತಾರೆ.'

ಕಟ್ಟೆಯ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಅವಳಿಗೆ ಏಳಬೇಕೆಂದೇ ಹೊಳೆಯಲಿಲ್ಲ.

'ಇಲ್ಲ... ಇದು ಅವರು ಬರ್ದಿದ್ದಲ್ಲ. ಡೆಲ್ಲಿಯವರು ಏನೇನೋ ಸೇರಿಸಿದಾರೆ. ಅವರಲ್ಲ!'

ಕಾರ್ಬನ್ ಕಾಪಿ! ಇನ್‌ಸ್ಟಿಟ್ಯೂಟಿನಲ್ಲಿ ಟೈಪ್ ಮಾಡಿದ ಪ್ರತಿಯೊಂದು ಕಾಗದದ ಕಾಪಿಯನ್ನೂ ಚಂದ್ರಶೇಖರಯ್ಯ ಒಂದು ವರ್ಷ ಇಟ್ಟಿರುತ್ತಿದ್ದರು. ಅವಳು ಓಡಿದಳು. ಫೈಲ್ ಎಳೆದು, ನವೆಂಬರಿನ ಕಟ್ಟು ಬಿಚ್ಚಿದಳು. 'ದೇವರೇ, ಆ ಸಾಲು ಇಲ್ಲಿ ಇರಬಾರದು. ಇರಲೇಬಾರದು...'

ಇತ್ತು.

ಒಂದು ಅಕ್ಷರವೂ ಬದಲಾಗಿರಲಿಲ್ಲ. ನೀಲಿ ಮಸಿಯಲ್ಲಿ, ಒಂದೂ ತಪ್ಪಿಲ್ಲದೆ, ಅಂಚು ಸರಿಯಾಗಿ ಬಿಟ್ಟು, ತಾಯಿಯ ಮೇಲಿನ ಗೇಲಿಯನ್ನು ಅವಳ ಬೆರಳುಗಳೇ ಒತ್ತಿದ್ದವು. ಮೋಸ ಮಾಡಿದವನು ಅದನ್ನು ಅವಳ ಕೈಯಿಂದಲೇ ಮಾಡಿಸಿದ್ದ!

ಭಾನುವಾರ ಬಂತು. ವರದರಾಜನೂ ಬಂದ, ಒಗೆದ ಬಿಳಿ ಷರಟು, ಕೈಯಲ್ಲಿ ಹಣ್ಣಿನ ಚೀಲ. ಅವರೆಕಾಯಿ ಕಾಲ. ಅಂಜಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ಬಾಪ್ಪ, ಕೂತ್ಕೋ. ಇವತ್ತು ಹಿತಿಕಿದ ಬೇಳೆ ಸಾರು, ನಿಂಗೇಂತ."

ವನಜಾಕ್ಷಿ ಒಳಗಿನಿಂದ ಬಂದು ಪತ್ರಿಕೆಯನ್ನು ಅವನ ಮುಂದೆ ಇಟ್ಟಳು.

"ಅಮ್ಮಂಗೆ ಇಂಗ್ಲಿಷ್ ಬರಲ್ಲ. ಓದಿ ಹೇಳಿ. ಕನ್ನಡದಲ್ಲಿ."

ಅವನ ಮುಖದ ಬಣ್ಣ ಇಳಿಯಿತು. "ವನಜಾ, ನಾನು ಮೊದ್ಲು ನಿಮ್ ಹತ್ರ..."

"ಮೊದ್ಲು ಅಮ್ಮಂಗೆ."

ಅವನು ಓದತೊಡಗಿದ. ದನಿ ಎಡವುತ್ತಿತ್ತು. ಹೊತ್ತಿಗೆ ಬೆಲೆಯಿಲ್ಲದ್ದು, ನಾಲ್ಕು ಬೀದಿ ನಡೆದ ಹುಡುಗಿ, ಮಲಗಿದ ಸರ್ಕಾರ, ಡೆಲ್ಲಿ ಗೊತ್ತಿಲ್ಲದ ಮುದುಕಿ... ಅಂಜಮ್ಮನ ಬೆರಳು ನಿಲ್ಲಲಿಲ್ಲ. ಕಾಳು ಪುಚಕ್, ಪುಚಕ್ ಎಂದು ಪಾತ್ರೆಗೆ ಬೀಳುತ್ತಲೇ ಇತ್ತು. ಅವನು ಪುಟ ತಿರುಗಿಸಿದ.

"ಮೂರು ಸಾಲು ಬಿಟ್ರಿ," ಎಂದಳು ವನಜಾಕ್ಷಿ.

"ಅದು ಬೇಡ ವನಜಾ. ಕಾಲು ಹಿಡ್ಕೋತೀನಿ."

"ನಾನೇ ಟೈಪ್ ಮಾಡಿದ್ದು. ಯಾವ ಸಾಲು ಎಲ್ಲಿದೆ ಅಂತ ಈಗ ಬಾಯಿಪಾಠ ಆಗಿದೆ. ಓದಿ."

ಅವನು ಓದಿದ. ಕಪ್ಪು ಮಣ್ಣಿನಂಥ ಉಂಡೆ. ಅವಮಾನವನ್ನೂ ಅಗಿಯದೆ ನುಂಗುವ ಜನ.

ಅಂಜಮ್ಮನ ಬೆರಳು ಆಗ ನಿಂತಿತು.

"ನಂಗೆ ಡೆಲ್ಲಿ ಎಲ್ಲೈತೆ ಅಂತ ಗೊತ್ತಿಲ್ಲ, ದಿಟ," ಎಂದರು ನಿಧಾನವಾಗಿ. "ನೀನು ಹಸ್ಕೊಂಡಿದೀಯ ಅನ್ನೋದು ಗೊತ್ತಾಗ್ತಿತ್ತು. ಅಷ್ಟು ಸಾಕು ಅಂತಿದ್ದೆ."

ವಠಾರದ ನಲ್ಲಿಯಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಮುದ್ದೆ ನುಂಗ್ತೀವಿ ಕಣಪ್ಪ. ಮಾತು ಅಗೀತೀವಿ. ಇದನ್ನ ನಾನು ಇನ್ನೂ ಭಾಳ ದಿವ್ಸ ಅಗೀಬೇಕು. ವನಜಾ, ತಟ್ಟೆ ಹಾಕು. ಹಸ್ಕೊಂಡು ಹೋಗ್ಬಾರ್ದು."

ತಟ್ಟೆ ಬಿತ್ತು. ಮುದ್ದೆ ಬಂತು. ಅವನು ಒಂದು ತುತ್ತು ಮುರಿದು ಸಾರಲ್ಲಿ ಅದ್ದಿದ. ಬಾಯಿಗಿಟ್ಟ. ಗಂಟಲಿಂದ ಇಳಿಯಲಿಲ್ಲ. ಕಣ್ಣೀರು ತಟ್ಟೆಗೇ ಬಿತ್ತು.

ಹೊರಗೆ ಬಾಗಿಲ ಬಳಿ ಅವನು ಮಾತು ಹುಡುಕಿದ.

"ಡೆಲ್ಲಿ ಸ್ಕೂಲಲ್ಲಿ ನನ್ನ ಮೊಸರನ್ನದ ಡಬ್ಬಿ ತೆಗೆದ್ರೆ 'ಮದ್ರಾಸಿ, ಮದ್ರಾಸಿ' ಅಂತ ಕೂಗೋರು. ಬೆಂಗಳೂರು ಬೇರೆ ಊರು ಅಂದ್ರೆ ಇನ್ನೂ ಜಾಸ್ತಿ ನಗೋರು. ಒಂದಿನ ಅವ್ರಿಗಿಂತ ಮೊದ್ಲು ನಾನೇ ನಮ್ಮೋರ ಮೇಲೆ ಜೋಕ್ ಹೇಳ್ದೆ. ಅವತ್ತಿಂದ ಯಾರೂ ತಂಟೆಗೆ ಬರ್ಲಿಲ್ಲ. ನಗೋರ ಕಡೆ ನಿಂತ್ರೆ ಏಟು ಬೀಳಲ್ಲ ಅಂತ ಕಲ್ತೆ ವನಜಾ. ಡೆಲ್ಲಿಗೆ ಬೇಕಾಗಿದ್ದೂ ಅದೇ. ಬರೀತಾ ಹೋದೆ..."

"ಏಟು ನಿಮಗೆ ಬೀಳ್ಲಿಲ್ಲ. ಸರಿ. ನಮ್ಮಮ್ಮನ್ನ ಮುಂದೆ ನಿಲ್ಸಿ ತಪ್ಪಿಸ್ಕೊಂಡ್ರಿ."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಹೋಗಿ," ಎಂದಳು. ಬಾಗಿಲು ಹಾಕಿ, ಅದಕ್ಕೇ ಒರಗಿ ಬಿಕ್ಕಿದಳು. 'ಮಾತಾಡ್ತೀನಿ ಅಂದಿದ್ರಲ್ಲ ನಮ್ಮಮ್ಮನ ಹತ್ರ... ಆಡಿದ್ರಿ ಬಿಡಿ!'

ಸಂಕ್ರಾಂತಿ ಕಳೆಯಿತು. ಭಾನುವಾರಗಳಲ್ಲಿ ಅಂಜಮ್ಮ ಮರೆತು ಮೂರು ಮುದ್ದೆ ಕಟ್ಟುವುದು, ಆಮೇಲೆ ಒಂದನ್ನು ಪಕ್ಕದ ಮನೆಗೆ ಕೊಡುವುದು ನಡೆದೇ ಇತ್ತು.

ಜನವರಿ ಕೊನೆ. ಮಧ್ಯಾಹ್ನ ಒಂದು ಗಂಟೆ. ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ನೆರಳು ಬಿತ್ತು. ಸೊರಗಿಹೋಗಿದ್ದ ವರದರಾಜ, ಕೈಯಲ್ಲಿ ಒಂದೇ ಹಾಳೆ.

ವನಜಾಕ್ಷಿ ಮುಖ ಕಲ್ಲು ಮಾಡಿಕೊಂಡಳು.

"ಟೈಪಿಂಗಾ? ಕೊಡಿ. ಟೈಪ್ ಮಾಡ್ತೀನಿ, ಓದಲ್ಲ. ನಮ್ಮಲ್ಲಿ ಹಾಗೇ ರೂಢಿ."

"ಇದನ್ನ ಓದಿ ಟೈಪ್ ಮಾಡಿ. ಕನ್ನಡ ಮೆಷಿನ್‌ನಲ್ಲಿ."

ಅವಳು ಹಾಳೆ ನೋಡಿದಳು. ಒಂದನೇ ಕ್ಲಾಸಿನ ಮಗು ತಿದ್ದಿದಂಥ ಅಕ್ಷರಗಳು. ಒತ್ತುಗಳು ಕೆಲವು ಕಡೆ ಗೆರೆಯಿಂದ ಜಾರಿಬಿದ್ದಿದ್ದವು.

"ಇದು... ನೀವೇ ಬರ್ದಿದ್ದಾ?"

"ಒಂದು ತಿಂಗಳು ತಿದ್ದಿದೆ. ಅಮ್ಮಂಗೆ ಕಾಗದ. ಅವರು ಕನ್ನಡ ಕೂಡಿಸಿ ಓದ್ತಾರೆ ಅಂತ ನೀವೇ ಹೇಳಿದ್ರಿ. ಆದ್ರೆ ನನ್ನ ಅಕ್ಷರ ಅವರಿಗೆ ತಿಳಿಯಲ್ಲ."

ಅವಳು ಕನ್ನಡ ಮೆಷಿನ್ನಿಗೆ ಕಾಗದ ಏರಿಸಿದಳು. ಟಕ್... ಟಕ್... ಟಕ್.

'ಅಮ್ಮಾ, ನಿಮ್ಮ ಮಗಳು ಆ ದಿನ ಊಟ ಬಿಟ್ಟು ನನಗೆ ದಾರಿ ತೋರಿಸಿದಳು. ಕೆಲಸವಿಲ್ಲದೆ ಅಲ್ಲ. ಇದು ಹೋದ ತಿಂಗಳು ಚಂದ್ರಶೇಖರಯ್ಯನವರು ಬೈದು ಹೇಳಿದ ಮೇಲೆ ನನಗೆ ತಿಳಿಯಿತು. ನಾನು ಬರೆದದ್ದು ಸುಳ್ಳು ಎಂದು ಪತ್ರಿಕೆಗೆ ಬರೆದೆ. ನಾಲ್ಕು ಸಾಲು ಹಾಕಿದರು, ಕೆಲಸದಿಂದ ತೆಗೆದರು. ಕ್ಷಮಿಸಿ ಎಂದು ಕೇಳಲು ಬರೆಯುತ್ತಿಲ್ಲ. ನಿಮ್ಮ ಮನೆಯಲ್ಲಿ ಉಂಡು ನಿಮ್ಮನ್ನು ನೋಡಿ ನಕ್ಕೆ ಎಂಬುದನ್ನು ನಿಮ್ಮ ಭಾಷೆಯಲ್ಲಿ ಒಪ್ಪಿಕೊಳ್ಳಬೇಕಾಗಿತ್ತು. ವನಜಾಳನ್ನು ಪ್ರೀತಿಸುತ್ತೇನೆ. ಅದನ್ನು ಹೇಳುವ ಯೋಗ್ಯತೆ ಆ ಭಾನುವಾರ ಇರಲಿಲ್ಲ. ಈಗಲೂ ಇದೆಯೋ ಗೊತ್ತಿಲ್ಲ.'

"ಏನಮ್ಮ ವನಜಾಕ್ಷಿ, ಮೆಷಿನ್ ಇವತ್ತು ಕುಂಟ್ತಾ ಇದೆ?" ಒಳಗಿನಿಂದ ಚಂದ್ರಶೇಖರಯ್ಯ ಕೂಗಿದರು.

"ಓದ್ತಾ ಇದೀನಿ ಸಾರ್!"



ಕೊನೆಯ ಸಾಲು ಮುಗಿಸಿ ಅವಳು ಕಾಗದ ಎಳೆದಳು. ಅಕ್ಷರಗಳು ಕಣ್ಣಲ್ಲಿ ತೇಲುತ್ತಿದ್ದವು.

"ನಾಲ್ಕು ಪುಟಕ್ಕೆ ನಾಲ್ಕು ಸಾಲಾ?"

"ಉಳಿದಿದ್ದನ್ನ ಇಲ್ಲೇ ಇದ್ದು ತೀರಿಸ್ತೀನಿ. ಡೆಲ್ಲಿಗೆ ಹೋಗಲ್ಲ."

"ನಂಗಿನ್ನೂ ಕೋಪ ಹೋಗಿಲ್ಲ."

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಅಗೀರಿ. ನಾನು ಕಾಯ್ತೀನಿ."

ತಡೆದರೂ ಅವಳ ತುಟಿಯಂಚು ಅಲುಗಿತು. ಕಾಗದ ಮಡಿಸಿ ಅವನ ಕೈಗೆ ಕೊಡಲು ಹೋದವಳು ಹಿಂದೆ ಎಳೆದುಕೊಂಡಳು.

"ಇದನ್ನ ನಾನು ಒಯ್ಯಲ್ಲ. ನೀವೇ ಕೊಡ್ಬೇಕು. ಅಮ್ಮ ಮನೇಲೇ ಇದಾರೆ."

"ನಾನಾ? ಒಬ್ಬನೇನಾ? ಆ ಬಾಗಿಲಿಗೆ ಒಬ್ಬನೇ ಹೋಗೋಕೆ ಕಾಲೇ ಏಳಲ್ಲ ವನಜಾ. ದಾರಿ... ತೋರಿಸ್ತೀರಾ?"

"ಯಾಕೆ? ನಂಗೆ ಬೇರೆ ಕೆಲಸ ಇಲ್ವಾ?"

ಅವನು ಗೋಡೆಯ ಗೂಡಿನಲ್ಲಿದ್ದ ಅವಳ ಊಟದ ಡಬ್ಬಿಯನ್ನು ನೋಡಿದ. ಮುಚ್ಚಳ ಇನ್ನೂ ಬಿಗಿಯಾಗಿತ್ತು. ಅದನ್ನು ತಂದು, ಮುಚ್ಚಳ ತೆಗೆದು, ಅವಳ ಮುಂದಿಟ್ಟ.

"ಇದೆ. ಮೊದ್ಲು ಊಟ ಮಾಡಿ."

ಹೊರಗೆ ಹೋಗಿ ಮೆಟ್ಟಿಲ ಮೇಲೆ, ಬಿಸಿಲಲ್ಲಿ, ಬೆನ್ನು ಮಾಡಿ ಕೂತ.

ವನಜಾಕ್ಷಿ ಒಂದು ತುತ್ತು ಬಾಯಿಗಿಟ್ಟಳು. ಕಣ್ಣೀರು ಒರೆಸಿಕೊಂಡು, ಅವನ ಬೆನ್ನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು.

"ನೆರಳಲ್ಲಿ ಕೂತ್ಕೊಳ್ರೀ. ನಾನು ನಿಧಾನ ಊಟ ಮಾಡ್ತೀನಿ."