ಅವಳೇ ಕೊಟ್ಟ ಗುಳಿಗೆ

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ. ಕೇತನನ ಮೂಗಿನಿಂದ ಸುರಿಯುತ್ತಿದ್ದ ರಕ್ತ ಇನ್ನೂ ನಿಂತಿರಲಿಲ್ಲ.

ಕೊಲ್ಹಾಪುರದ ಆಸ್ಪತ್ರೆಯೊಂದರ ತುರ್ತು ಕೋಣೆಯಲ್ಲಿ ಅವನ ತಾಯಿ ಛಾಯಾ, ಸೊಸೆಯಾಗಬೇಕಿದ್ದ ಪ್ರಿಯದರ್ಶನಿಯ ಕಡೆ ಬೆರಳು ತೋರಿಸಿದಳು.

“ಇಕಿ ಕೊಟ್ಟ ಗುಳಿಗಿ, ಡಾಕ್ಟರ್‌ಸಾಹೇಬ್ರ. ನಿಶ್ಚಯ ಆಗಿ ತಿಂಗಳ ಆಗಿಲ್ಲ, ನನ್ನ ಮಗನ್ನ ತಿನ್ನಾಕ ಕುಂತಾಳ.”

ಪ್ರಿಯದರ್ಶನಿ ಇಚಲಕರಂಜಿಯ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಕೇತನನ ಸೊಂಟದ ಗಜಕರ್ಣಕ್ಕೆ ಚರ್ಮವೈದ್ಯರು ಫ್ಲುಕೊನಜೋಲ್ ಗುಳಿಗೆ ಬರೆದುಕೊಟ್ಟಿದ್ದರು. ಬೇರೆ ಗುಳಿಗೆ ನಡೆದಿವೆಯೇ ಎಂದು ವೈದ್ಯರೂ ಕೇಳಿದ್ದರು, ಅಂಗಡಿಯಲ್ಲಿ ಗುಳಿಗೆ ಕೊಡುವಾಗ ಅವಳೂ ಕೇಳಿದ್ದಳು. ಅವನು ನಕ್ಕಿದ್ದ.

“ನಿನ್ನ ಬಿಟ್ರ ನನಗ ಬ್ಯಾರೆ ಜಡ್ಡ ಇಲ್ಲ.”

ಎಂಟು ದಿನ ನುಂಗಿದ್ದ. ಆ ಗುಳಿಗೆಯೊಂದರಿಂದಲೇ ಇಷ್ಟು ರಕ್ತ? ಸಾಧ್ಯವಿಲ್ಲ... ರಕ್ತ ತೆಳುವಾಗಿಸುವ ಔಷಧ ಜೊತೆಗಿದ್ದರೆ ಮಾತ್ರ...

“ಅತ್ತಿ, ಇವರು ಬ್ಯಾರೆ ಏನ್ ತಗೋತಾರ?”

“ಏನೂ ಇಲ್ಲ. ನನ್ನ ಮಗಾ ಗಟ್ಟಿ ಅದಾನ.”

ಕೇತನನ ಕಣ್ಣು ಮೇಲಾಯಿತು. ಡಾಕ್ಟರ್ ನರ್ಸನ್ನು ಕೂಗುವಷ್ಟರಲ್ಲಿ ಪ್ರಿಯದರ್ಶನಿ ಅವನ ಎದೆಗೆ ಕಿವಿ ಇಟ್ಟಿದ್ದಳು. ಆ ಎದೆಗೆ ಒರಗುವ ಮೊದಲ ಗಳಿಗೆಯನ್ನು ಎಷ್ಟು ಸಲ ನೆನೆದು ನಾಚಿದ್ದಳೋ...

ಟಿಕ್. ಟಿಕ್. ಟಿಕ್. ಲೋಹದ ಸದ್ದು.

ಅಂಗಿಯ ಗುಂಡಿ ಕಿತ್ತಳು. ಎದೆಯ ನಡುವೆ ಉದ್ದಕ್ಕೂ ಹೊಲಿಗೆಯ ಗೆರೆ.

“ಸರ್, ಹೃದಯಕ್ಕ ಲೋಹದ ವಾಲ್ವ್ ಹಾಕ್ಯಾರ. ರಕ್ತ ತೆಳ್ಳಗ ಮಾಡೋ ವಾರ್ಫರಿನ್ ನಡದಿರಬೇಕ್ರಿ. ಫ್ಲುಕೊನಜೋಲ್ ಅದರ ಜೋರು ಏರಿಸೇತಿ.”

ಛಾಯಾ ಅವಳ ರಟ್ಟೆ ಹಿಡಿದಳು. “ಸಾವಕಾಶ ಮಾತಾಡು. ಗಡಹಿಂಗ್ಲಜದಾಗ ನಿಮ್ಮಪ್ಪಗ ಗೊತ್ತಾದ್ರ ಲಗ್ನ ಮುರೀತೈತಿ.”

“ಇವರು ಸತ್ರ ಯಾರ ಜೋಡಿ ಲಗ್ನ ಮಾಡ್ತೀರಿ?”

ರಕ್ತಪರೀಕ್ಷೆ ಅವಳ ಮಾತನ್ನೇ ಹೇಳಿತು. ಎರಡೂ ಗುಳಿಗೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಲೆಂದು ಪ್ಲಾಸ್ಮಾ ಏರಿಸಿದರು.

ಸಂಜೆ ಅವನು ಕಣ್ಣು ತೆರೆದ.

“ಹೇಳಿದ್ರ ನೀ ಬ್ಯಾಡ ಅಂತಿದ್ದಿ... ಅದಕ್ಕ ಅಂಜಿದೆ.”

“ಅದಕ್ಕ ನನ್ನ ಕೈಲೇ ಸಾಯಾಕ ಹೊಂಟಿದ್ರಿ.”

“ಹೋಗ್ತೀಯೇನು?”

“ಅಪ್ಪಗ ಎಲ್ಲಾ ಹೇಳ್ತೇನಿ. ಆಮ್ಯಾಗೂ ನಿಮ್ಮನ್ನ ಮಾಡ್ಕೋತೇನಿ. ಇನ್ನೊಮ್ಮಿ ಸುಳ್ಳ ಹೇಳಿದ್ರ ಬಿಡ್ತೇನಿ.”

“ನಿನ್ನ ಆಣಿ...”

“ಆಣಿ ಬ್ಯಾಡ. ಹಳೇ ಡಾಕ್ಟರ್ ಚೀಟಿ ಎಲ್ಲೈತಿ ಹೇಳ್ರಿ.”

ಅವನು ಹೇಳಿದ. ಅವಳು ಅವನ ಹಣೆಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಬರೆದುಕೊಂಡಳು.

ಅಂದೇ ತಂದೆ ಸುಕುಮಾರನಿಗೆ ಫೋನ್ ಮಾಡಿದಳು. ಎರಡು ತಿಂಗಳ ಮೇಲೆ ಕೊಲ್ಹಾಪುರದಲ್ಲಿ ಇಬ್ಬರೂ ನೋಂದಣಿ ಮದುವೆಯಾದರು. ಸುಕುಮಾರ ಬರಲಿಲ್ಲ.