ಡಾಕ್ಟರಮ್ಮನ ರೈಫಲ್ ಸೈಟ್

ಅಪ್ಪನ ಎದುರು ಊಟಕ್ಕೆ ಕೂರಲು ನನಗೆ ಆಗುತ್ತಿರಲಿಲ್ಲ. ತಲೆನೋವು ಎಂದು ತಟ್ಟೆ ಎತ್ತಿಕೊಂಡು ಕೋಣೆಗೆ ಬಂದುಬಿಟ್ಟೆ. ತಲೆನೋವಲ್ಲ. ಅದೇನೆಂದು ಡೈರಿಯಲ್ಲಿ ಬರೆಯಲು ಹೋಗಿ, ಅರ್ಧ ಸಾಲು ಬರೆದು, ಹಾಳೆ ಹರಿಯುವಷ್ಟು ಗೀಚಿಹಾಕಿದೆ. ಹೆತ್ತ ತಂದೆಯ ಬಗ್ಗೆ ಯಾರಾದರೂ ಹಾಗೆ ಬರೆಯುತ್ತಾರೆಯೇ?

ಶುರುವಾದದ್ದು ಆ ಬೆಳಿಗ್ಗೆ, ನಮ್ಮ ಅಂಗಡಿಯಲ್ಲಿ.

ಅಪ್ಪ ಹಳೆಯ ಬಂದೂಕುಗಳನ್ನು ರಿಪೇರಿ ಮಾಡುತ್ತಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದ ನಾನು ಕೌಂಟರಿನಲ್ಲಿ ಕೂತು ರಸೀದಿ ಬರೆಯುತ್ತೇನೆ. ಹೆಚ್ಚು ಮಾತಾಡಬೇಕಿಲ್ಲ, ಅದಕ್ಕೇ ಇಷ್ಟ. ಡಾಕ್ಟರಮ್ಮ ತಮ್ಮ ತೀರಿಹೋದ ಯಜಮಾನರ ರೈಫಲನ್ನು ತುಕ್ಕು ತೆಗೆಸಲು ಕೊಟ್ಟಿದ್ದರು. ನಮ್ಮ ಮುತ್ತಜ್ಜನ ಕಾಲದ್ದು. ಕೆಳಗಿನ ಲಿವರನ್ನು ಎಳೆದು ಮತ್ತೆ ಮೇಲೆತ್ತಿದರೆ ಮುಂದಿನ ಗುಂಡು ತಾನೇ ಬಂದು ಕೂರುವಂಥದ್ದು. ಅದನ್ನು ಡಾಕ್ಟರಮ್ಮ ಮ್ಯೂಸಿಯಮ್ಮಿಗೆ ಕೊಡುವವರಿದ್ದರು.

ಅದನ್ನು ಒಯ್ಯಲು ಡಾಕ್ಟರಮ್ಮ ಬಂದರು. ಜೊತೆಗೆ ಅವರ ಅಳಿಯ. ಇನ್ನೊಬ್ಬರು ಮನೆಯ ಗೋಡೆ ತುಂಬ ಹಳೆಯ ಬಂದೂಕು ನೇತುಹಾಕಿಕೊಂಡಿರುವ, ಮ್ಯೂಸಿಯಮ್ಮಿಗೆ ಬಂದೂಕುಗಳನ್ನು ಪರೀಕ್ಷಿಸಿಕೊಡುವ ಸಂಗ್ರಾಹಕರು. ಸದಾ ಕಣ್ಣಿಗೆ ಮಸೂರ ಒತ್ತಿಕೊಂಡೇ ಇರುವುದರಿಂದ ಬೀದಿಯವರೆಲ್ಲ ಅವರನ್ನು ಭೂತಗನ್ನಡಿ ಎನ್ನುತ್ತಾರೆ.

ಡಾಕ್ಟರಮ್ಮನ ಕೈಯಲ್ಲಿ ಯಜಮಾನರು ರೈಫಲ್ ಹಿಡಿದು ನಿಂತಿದ್ದ ಒಂದು ಹಳೆಯ ಫೋಟೊ ಇತ್ತು. ರೈಫಲ್ ನೋಡಿದರು, ಫೋಟೊ ನೋಡಿದರು, ಮತ್ತೆ ರೈಫಲ್ ನೋಡಿದರು.

"ಅಲ್ರೀ, ಇಲ್ಲಿ ನಳಿಕೆ ಮೇಲೆ ಪುಟ್ಟ ಏಣಿ ಥರ ಎದ್ದು ನಿಂತಿದೆಯಲ್ಲ, ಅದೆಲ್ಲಿ?"

ಭೂತಗನ್ನಡಿ ಬಗ್ಗಿದರು. "ಸೈಟ್ ಬದಲಾಗಿದೆ!"

ಸೈಟ್ ಎಂದರೆ ಗುರಿ ನೋಡಲು ನಳಿಕೆಯ ಮೇಲೆ ಕೂರಿಸುವ ಕಬ್ಬಿಣದ ತುಂಡು. ಈ ರೈಫಲ್ಲಿಗಿದ್ದದ್ದು ಮಡಚಿ ಎತ್ತುವ ಏಣಿ ಸೈಟ್. ಹುಡುಕಿದರೂ ಸಿಗದಂಥದ್ದು. ಈಗ ಅಲ್ಲಿ ಕೂತಿದ್ದು ಯಾವುದೋ ಸಾಧಾರಣ ಮೊಂಡು ತುಂಡು. ಗಲಾಟೆ ಕೇಳಿ ಓಡಿಬಂದ ಪಕ್ಕದ ಟೈಲರ್, "ಸೈಟ್ ಹೋಯ್ತಾ? ಎಷ್ಟಡಿದು? ಮೂಲೆ ಸೈಟಾ?" ಎಂದು ಕೇಳಿ, ಯಾರೂ ನಗದಿದ್ದನ್ನು ಕಂಡು ವಾಪಸಾದ.

"ಅಂಗಡಿಗೆ ಬಂದಾಗ್ಲೇ ಹೀಗಿತ್ತು," ಎಂದರು ಅಪ್ಪ.

"ಹಾಗಾದ್ರೆ ಆವತ್ತೇ ಯಾಕೆ ಹೇಳ್ಲಿಲ್ಲ?" ಡಾಕ್ಟರಮ್ಮ ಕೇಳಿದರು.

ಅಪ್ಪ ಬಟ್ಟೆ ಎತ್ತಿಕೊಂಡು, ಒರೆಸಿದ್ದ ನಳಿಕೆಯನ್ನೇ ಮತ್ತೆ ಒರೆಸತೊಡಗಿದರು.

"ನಾಳೆ ಸಂಜೆ ಒಳಗೆ ಸಿಗ್ಬೇಕು," ಅಳಿಯ ಗುಡುಗಿದ. "ಇಲ್ದಿದ್ರೆ ಪೊಲೀಸ್ ಕಂಪ್ಲೇಂಟೇ!"

ಕಂಪ್ಲೇಂಟ್ ಆದರೆ ಬಂದೂಕು ಮುಟ್ಟುವ ಲೈಸೆನ್ಸ್ ಹೋಗುತ್ತದೆ. ಅಂಗಡಿ ಹೋಗುತ್ತದೆ. ಅಪ್ಪನಿಗೆ ಬೇರೆ ಕೆಲಸ ಗೊತ್ತಿಲ್ಲ.

ರೈಫಲನ್ನು ಅಲ್ಲೇ ಬಿಟ್ಟು ಅವರು ಹೋದ ಮೇಲೆ ಕಾಫಿ ಕೊಡಲು ಒಳಗೆ ಹೋದೆ. ಅಪ್ಪ ಏನನ್ನೋ ಬಟ್ಟೆಯಲ್ಲಿ ಸುತ್ತುತ್ತಿದ್ದರು. ನನ್ನನ್ನು ಕಂಡು ಸರಕ್ಕನೆ ಡ್ರಾಯರ್ ತಳ್ಳಿದರು. ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ—

ಮಡಚಿದ ಒಂದು ಪುಟ್ಟ ಏಣಿ!

ಇದೇ ನನ್ನ ತಲೆನೋವು.

ಮರುದಿನ ಅತ್ತೆ ಬಂದರು. ಅಪ್ಪನ ಅಕ್ಕ. ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದರೂ ಚಾಳಿ ಹೋಗಿಲ್ಲ.

"ಏನೇ ಮೂಕಿ, ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋರ ಹತ್ರಾನೇ ಎಲ್ಲಾ ಇರೋದು." ಅಪ್ಪನ ಕಡೆ ತಿರುಗಿದರು. "ಈ ರೈಫಲ್ ಯಾರ್ಯಾರ ಕೈ ದಾಟಿ ಬಂತೋ?"

"ಡಾಕ್ಟರಮ್ಮನ ಮನೇಲಿತ್ತು. ಪರೀಕ್ಷೆ ಮಾಡ್ಬೇಕು ಅಂತ ಭೂತಗನ್ನಡಿ ಒಯ್ದಿದ್ರು. ಅವ್ರ ಮನೆಯಿಂದ ಅಳಿಯಂದ್ರು ಇಲ್ಲಿಗೆ ತಂದ್ಕೊಟ್ರು."

"ನೀನು ಸೈಟ್ ಬಿಚ್ಚಿದ್ಯಾ?"

"ಇಲ್ಲ ಅಕ್ಕ. ಮೇಲಿಂದ ಮೇಲೆ ಒರೆಸಿದ್ದಷ್ಟೇ."

"ಅದು ಬೇರೆ ಸೈಟ್ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಈ ಮಾದರಿ ರೈಫಲ್ಲಿಗೆ ಅಂಥ ಮೊಂಡು ಸೈಟ್ ಬರ್ತಿರ್ಲಿಲ್ಲ."

"ಮತ್ತೆ ಬಾಯಿಗೆ ಬೀಗ ಯಾಕೆ ಜಡ್ಕೊಂಡೆ?"

ಅಪ್ಪನ ಕಣ್ಣು ಡ್ರಾಯರಿನತ್ತ ಹೋಯಿತು. ನನ್ನದೂ ಹೋಯಿತು. ಅತ್ತೆ ನಮ್ಮಿಬ್ಬರನ್ನೂ ನೋಡಿದರು. ರೈಫಲ್ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಸೈಟ್ ಕೂತಿದ್ದ ಜಾಗವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಬಹಳ ಹೊತ್ತು ನೋಡಿದರು.

ಸಂಜೆ ಎಲ್ಲರೂ ಸೇರಿದರು. ಅಂಗಡಿಯ ಬಾಗಿಲು ಅರ್ಧ ಎಳೆದೆವು.

"ಸಿಕ್ತೇನ್ರೀ?" ಅಳಿಯ ಕೇಳಿದ.

"ಹುಡುಕಿ ನೋಡೋಣ," ಎಂದ ಅತ್ತೆ ನೇರವಾಗಿ ಹೋಗಿ ಅಪ್ಪನ ಡ್ರಾಯರ್ ಎಳೆದರು. ಬಟ್ಟೆಯ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು.

ಏಣಿ ಸೈಟ್.

"ನೋಡಿದ್ರಾ! ನಾನು ಹೇಳ್ಲಿಲ್ವಾ!" ಅಳಿಯ ಕುಣಿದ. ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತರು.

"ಸರ್, ನೀವು ತಿಳಿದವ್ರು," ಅತ್ತೆ ಭೂತಗನ್ನಡಿಗೆ ಹೇಳಿದರು. "ಇದು ಅದೇನಾ?"

ಮಸೂರ ಕಣ್ಣಿಗೇರಿತು. ಇಳಿಯಿತು. "ಅದೇ. ಅನುಮಾನವೇ ಇಲ್ಲ."

"ಹೌದಾ?" ಅತ್ತೆ ಅದನ್ನು ಡಾಕ್ಟರಮ್ಮನ ರೈಫಲ್ಲಿನ ನಳಿಕೆಯ ಮೇಲಿಟ್ಟು ಬೆರಳಲ್ಲಿ ಒತ್ತಿದರು. ಅದು ತೊಟ್ಟಿಲಿನಂತೆ ಅತ್ತಿತ್ತ ತೂಗಿತು. "ಯಾಕೆ ಕೂರ್ತಾ ಇಲ್ಲ? ಈ ನಳಿಕೆಗೆ ಎಂಟು ಮೂಲೆ. ಮೇಲುಗಡೆ ಚಪ್ಪಟೆ. ಈ ಸೈಟಿನ ತಳ ಬಾಗಿದೆ, ದುಂಡು ನಳಿಕೆಗೆ ಮಾಡಿದ್ದು. ಇದು ಈ ರೈಫಲ್ಲಿನ ಮೇಲೆ ಯಾವತ್ತೂ ಕೂತದ್ದಲ್ಲ."

ಭೂತಗನ್ನಡಿ ಕೆಮ್ಮಿದರು. "ಬೆಳಕು ಕಮ್ಮಿ ಇದೆ. ವಯಸ್ಸಾಯ್ತು ನೋಡಿ."

"ಇದು ಎಲ್ಲಿಂದ ಬಂತೋ?" ಅತ್ತೆ ಅಪ್ಪನನ್ನು ಕೇಳಿದರು.

ಅಪ್ಪ ನೆಲ ನೋಡುತ್ತ ಹೇಳಿದರು. "ಹಳೇ ಬಿಡಿಭಾಗ ಮಾರೋರಿಗೆಲ್ಲ ಹೇಳಿಟ್ಟಿದ್ದೆ. ಒಬ್ರು ಇದನ್ನ ಕಳಿಸಿದ್ರು, ನೋಡಿದ್ರೆ ದುಂಡು ನಳಿಕೇದು. ಯಜಮಾನ್ರೇ ಯಾವಾಗ್ಲೋ ಸೈಟ್ ಬದಲಾಯಿಸಿರ್ಬೇಕು ಅಂದ್ಕೊಂಡೆ. ತೀರ್ಕೊಂಡೋರ ಬಗ್ಗೆ ಡಾಕ್ಟರಮ್ಮನ ಹತ್ರ ಏನಂತ ಹೇಳ್ಲಿ? ಸರಿಯಾದ್ದು ಸಿಕ್ರೆ ಸುಮ್ನೆ ಕೂರಿಸಿ ಕೊಟ್ಬಿಡೋಣ ಅಂತಿದ್ದೆ."

ಡಾಕ್ಟರಮ್ಮ ಏನೋ ಹೇಳಹೊರಟರು. ಅತ್ತೆ ಕೈ ಅಡ್ಡ ಹಿಡಿದರು.

"ಒಂದು ಸಣ್ಣ ಆಟ. ಅಲ್ಲೊಂದು ಹಾಳು ರೈಫಲ್ ಇದೆ. ಅದರ ಸೈಟ್ ಬಿಚ್ಚಿ ತೋರ್ಸಿ. ಅಳಿಯಂದ್ರೇ, ಮೊದಲು ನೀವು."

ಅಳಿಯ ಸುತ್ತ ನೋಡಿ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡ. ಸೈಟಿನಲ್ಲಿ ಸ್ಕ್ರೂವನ್ನೇ ಹುಡುಕುತ್ತ ನಿಂತ.

"ಸಾಕು ಬಿಡಿ. ನೀವು ಬಿಚ್ಚಿದ್ರೆ ನಳಿಕೇನೇ ಬಿಚ್ಕೊಂಡು ಬರುತ್ತೆ. ಸರ್, ನೀವು ಕಲಿಸಿಕೊಡಿ ಇವರಿಗೆ."

ಭೂತಗನ್ನಡಿಯ ಮುಖ ಅರಳಿತು. ರೈಫಲನ್ನು ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳಕ್ಕೆ, ವೈಸಿಗೆ, ಕಚ್ಚಿಸಿದರು. ಸ್ಟೂಲನ್ನು ನಳಿಕೆಯ ಬಾಯಿಯ ಕಡೆಗೆ ಎಳೆದುಕೊಂಡು ಕೂತರು. "ಇದಕ್ಕೆ ಸ್ಕ್ರೂ ಇಲ್ಲ. ನಳಿಕೇಲಿ ಅಡ್ಡ ಕಚ್ಚು ಕೊರೆದಿರ್ತಾರೆ, ಸೈಟ್ ಅದರಲ್ಲಿ ಬಿಗಿಯಾಗಿ ಕೂತಿರುತ್ತೆ. ಕಬ್ಬಿಣದಿಂದ ಹೊಡೆದ್ರೆ ಗಾಯವಾಗುತ್ತೆ, ಈ ಮೊಂಡು ಉಳಿ ಥರದ ಹಿತ್ತಾಳೆ ಪಂಚೇ ಬೇಕು. ಎಡಗಡೆಯಿಂದ ಹೊಡೀಬೇಕು, ಬಲಗಡೆಗೆ ಜಾರಿಸ್ಬೇಕು. ಹಾಕೋವಾಗ್ಲೂ ಬಲಗಡೆಯಿಂದ್ಲೇ. ಇದು ನಿಯಮ."

ಟಕ್. ಟಕ್. ಸೈಟ್ ಅವರ ಬಲಕ್ಕೆ ಜಾರಿತು.

"ಅಲ್ಲೇ ನಿಲ್ಲಿಸಿ!" ಎಂದರು ಅತ್ತೆ.

ಸುತ್ತಿಗೆ ಗಾಳಿಯಲ್ಲಿ ನಿಂತಿತು.

"ಯಾರ ಬಲ ಸರ್ ಅದು? ನಿಮ್ಮ ಬಲ. ನಿಯಮ ಹೇಳೋದು ರೈಫಲ್ಲನ್ನ ಹೆಗಲಿಗೇರಿಸಿ ಗುರಿ ನೋಡೋನ ಬಲ. ನೀವು ಎದುರುಗಡೆ ಕೂತಿದ್ದೀರಿ. ಗೋಡೆಗೆ ನೇತುಹಾಕಿದ ಬಂದೂಕುಗಳನ್ನ ಬಾಯಿ ಕಡೆಯಿಂದ ನೋಡಿ ನೋಡಿ ಅಭ್ಯಾಸ. ನಿಮ್ಮ ಬಲ ಅಂದ್ರೆ ರೈಫಲ್ಲಿನ ಎಡ."

"ಅದಕ್ಕೇನೀಗ?"

"ಅದಕ್ಕೇ ಎಲ್ಲಾ." ಅತ್ತೆ ಡಾಕ್ಟರಮ್ಮನ ರೈಫಲನ್ನು ದೀಪದ ಕೆಳಗೆ ಹಿಡಿದರು. "ಮೂಕಿ, ಬಾ ಇಲ್ಲಿ, ಹೇಳು. ಹಿಡಿ ಕಡೆಯಿಂದ ನೋಡಿದ್ರೆ ಕಚ್ಚಿನ ಬಲ ಅಂಚು ಯಾವ ಬಣ್ಣ?"

"ಕಂದು," ಎಂದೆ ಪಿಸುದನಿಯಲ್ಲಿ. "ಹಳೇ ಕಂದು."

"ಎಡ ಅಂಚು?"

"ಹೊಳೀತಿದೆ. ಹೊಸದಾಗಿ ಉಜ್ಜಿದ ಹಾಗೆ."

"ಕೇಳಿದ್ರಾ? ಹಳೇ ಸೈಟ್ ಹೋಗಿದ್ದೂ ಎಡದಿಂದ, ಹೊಸದು ಬಂದಿದ್ದೂ ಎಡದಿಂದ. ಎಲ್ಲೂ ಕಬ್ಬಿಣದ ಗಾಯ ಇಲ್ಲ, ಹಾಗಾಗಿ ಅಳಿಯಂದ್ರ ಕೆಲಸ ಅಲ್ಲ. ನನ್ನ ತಮ್ಮ ರೈಫಲ್ಲಿನ ಹಿಡಿ ಕಡೆ ನಿಂತು ಕೆಲಸ ಮಾಡೋನು, ಅವನ ಕೈ ನಿದ್ದೇಲೂ ತಪ್ಪೋಲ್ಲ. ಇದು ಹಿತ್ತಾಳೆ ಪಂಚ್ ಇಟ್ಕೊಂಡು, ನಿಯಮ ಗೊತ್ತಿದ್ದು, ಎದುರುಗಡೆ ಕೂತೋರ ಕೆಲಸ. ರೈಫಲ್ ನಿಮ್ಮನೇಲಿತ್ತಲ್ಲ ಸರ್? ನಿಮ್ಮ ಗೋಡೆ ಮೇಲೆ ಇದೇ ಜಾತಿ ರೈಫಲ್ ಇದೆ ಅಂತ ತಮ್ಮ ಹೇಳ್ದ. ಅದಕ್ಕೆ ಏನು ಕಮ್ಮಿ ಇತ್ತು?"

ಭೂತಗನ್ನಡಿ ಡಾಕ್ಟರಮ್ಮನನ್ನು ನೋಡಿದರು. ಮಸೂರವನ್ನು ಜೇಬಿಗಿಡಲು ಹೋದರು. ಅದು ಜೇಬಿಗೆ ಬೀಳದೆ ನೆಲಕ್ಕೆ ಬಿತ್ತು.

"ವರ್ಷಗಟ್ಟಲೆ ಹುಡುಕಿದೆ," ಎಂದರು. "ಮ್ಯೂಸಿಯಮ್ಮಲ್ಲಿ ಗಾಜಿನ ಹಿಂದೆ ಇದ್ರೆ ಅದನ್ನ ನೋಡೋರು ಯಾರು? ಯಾರಿಗೂ ಗೊತ್ತಾಗೋಲ್ಲ ಅಂದ್ಕೊಂಡೆ. ವಾಪಸ್ ಕೊಟ್ಬಿಟ್ರೆ... ಇಲ್ಲಿಗೇ ಮುಗಿಸ್ತೀರಾ?"

"ಅದನ್ನ ಸ್ಟೇಶನ್ನಲ್ಲಿ ಕೇಳಿ," ಎಂದರು ಡಾಕ್ಟರಮ್ಮ. ಅಳಿಯ ಈ ಸಲ ಭೂತಗನ್ನಡಿಯ ತೋಳು ಹಿಡಿದು ಹೊರಗೆ ನಡೆದ.

ಡಾಕ್ಟರಮ್ಮ ಅಪ್ಪನ ಮುಂದೆ ಬಂದು ನಿಂತರು. "ನಿಮ್ಮಂಥೋರನ್ನ ಕಳ್ಳ ಅಂದ್ಕೊಂಡ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

"ಛೆ, ಬಿಡಿ ಅಮ್ಮ," ಎಂದರು ಅಪ್ಪ. "ಹೊರಗಿನೋರು ಏನಂದ್ರೂ ತಡ್ಕೋಬಹುದು. ನನ್ನ ಮಗಳು ಒಂದೇ ಒಂದು ಮಾತೂ ಕೇಳ್ಲಿಲ್ಲ ನೋಡಿ. ಅಷ್ಟು ನಂಬಿಕೆ ಅವಳಿಗೆ. ನನಗೆ ಅದೇ ಧೈರ್ಯ."

ಎಲ್ಲರೂ ನನ್ನ ಕಡೆ ನೋಡಿದರು. ತಲೆಯಾಡಿಸಿದ್ದರೆ ಸಾಕಿತ್ತು. ಅಪ್ಪ ನಗುತ್ತಿದ್ದರು. ಅತ್ತೆ ಮಾತ್ರ ನಗುತ್ತಿರಲಿಲ್ಲ.

ನನ್ನ ದನಿ ಬಂತು. ಅಂಗಡಿಯ ಕೊನೆಯವರೆಗೂ ಕೇಳುವಷ್ಟು ಬಂತು.

"ಇಲ್ಲಪ್ಪ. ನಾನೂ ನಿನ್ನ ನಂಬಿರ್ಲಿಲ್ಲ."